ರೂಫ್, ಬಾನೆಟ್ಟಿನ ಕ್ಲಿಯರ್ ಕೋಟ್ ಏಳ್ತಾ ಉಂಟು, ಮಾಡಿಸಿದವರು ಅನುಭವ ಹೇಳಿ

ಉದ್ಯಾವರದ ಹುಡುಗ

ನಮಸ್ಕಾರ. 2014ರ ಬೆಳ್ಳಿ ಬಣ್ಣದ ಹ್ಯಾಚ್‌ಬ್ಯಾಕ್. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಮನೆಯಲ್ಲಿ ಶೆಡ್ ಇಲ್ಲ, ಗಾಡಿ ಅಂಗಳದಲ್ಲೇ ನಿಲ್ಲುತ್ತದೆ. ಹೋದ ವರ್ಷ ರೂಫಿನಲ್ಲಿ ಅಂಗೈಯಷ್ಟು ಜಾಗದಲ್ಲಿ ಕ್ಲಿಯರ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಬಿಳಿ ಸಿಪ್ಪೆಯಾಗಿ ಕಾಣಿಸಿಕೊಂಡಿತ್ತು. ಈ ಮಳೆಗಾಲ ಮುಗಿಯುವಾಗ ಅದು ಊಟದ ಬಟ್ಟಲಿನಷ್ಟಾಗಿದೆ. ಬಾನೆಟ್ಟಿನ ಮುಂದಿನ ಅಂಚಿನಲ್ಲೂ ಶುರುವಾಗಿದೆ. ಉಗುರು ಹಾಕಿದರೆ ಈರುಳ್ಳಿ ಪೊರೆಯ ಹಾಗೆ ಏಳುತ್ತದೆ. ಒಳಗಿನ ಬೆಳ್ಳಿ ಬಣ್ಣ ಹಾಗೆಯೇ ಇದೆ, ತುಕ್ಕು ಇಲ್ಲ.

ಬಜೆಟ್ 15,000. ಡಿಸೆಂಬರಿನಲ್ಲಿ ತಂಗಿಯ ಮದುವೆ, ಅದರ ಮೊದಲು ಮುಗಿಯಬೇಕು. ನನ್ನ ಪ್ರಶ್ನೆ ಒಂದೇ. ರೂಫಿಗೆ ಮಾತ್ರ ಹೊಸ ಕ್ಲಿಯರ್ ಹೊಡೆಸಿದರೆ ಹಿಂದಿನ ಪಿಲ್ಲರಿಗೆ (ರೂಫ್ ಹೊರುವ ಕಂಬಕ್ಕೆ) ಸೇರುವಲ್ಲಿ ಗೆರೆ ಕಾಣುತ್ತದಾ? ಎಲ್ಲಿಗೆ ನಿಲ್ಲಿಸಬೇಕು? ಮಾಡಿಸಿದವರು ದಯವಿಟ್ಟು ಹೇಳಿ.

ಮಲ್ಪೆ ಗಾಳಿ

ನಾನು ಕೈಯಾರೆ ಮಾಡಿದವ. ಹಾಗಾಗಿ ನನ್ನ ಮಾತು ಕೇಳಿ. ನನ್ನದು ಡಿಕ್ಕಿ ಮತ್ತು ಪೆಟ್ರೋಲ್ ಮುಚ್ಚಳ ಇರುವ ಬದಿಯ ಪ್ಯಾನೆಲ್. ಗ್ಯಾರೇಜಿನವ 9,000 ಹೇಳಿದ. ಒಂದು ಡಬ್ಬಿ ಸ್ಪ್ರೇಗೆ ಅಷ್ಟೊಂದು ಯಾಕೆ ಅಂತ ಮಂಡೆ ಬಿಸಿಯಾಯಿತು.

ಲೆಕ್ಕ ಬರೆದಿಟ್ಟಿದ್ದೇನೆ. ಕ್ಲಿಯರ್ ಸ್ಪ್ರೇ ಕ್ಯಾನ್ 390ರಂತೆ ಮೂರು, 1,170. ವಾಟರ್ ಪೇಪರ್ 18 ಹಾಳೆ, 360. ಮಾಸ್ಕಿಂಗ್ ಟೇಪ್ ನಾಲ್ಕು ರೋಲ್, 280. ಥಿನ್ನರ್ 190. ಒಟ್ಟು ಸರಿಯಾಗಿ 2,000. ಹಳೆ ಪೇಪರ್ ಮನೆಯದ್ದೇ.

ಎರಡು ಭಾನುವಾರ ಉಜ್ಜಿದೆ. ಮೊದಲು 400 ನಂಬರ್ ಪೇಪರ್, ಮತ್ತೆ ಅದಕ್ಕಿಂತ ನುಣುಪಾದ 800. ಬೆರಳ ತುದಿಯ ಚರ್ಮ ಹೋಗಿ ಫೋನಿನ ಲಾಕ್ ತೆಗೆಯಲಿಕ್ಕೆ ಆಗುತ್ತಿರಲಿಲ್ಲ. ಆಗಸ್ಟಿನಲ್ಲಿ ಎರಡು ದಿನ ಮಳೆ ಬಿಟ್ಟಿತ್ತು. ಅದೇ ಸಮಯ ಅಂತ ಹೊಡೆದೆ. ಮೊದಲ ಐದು ನಿಮಿಷ ಕನ್ನಡಿ ಮಾರಾಯ್ರೆ, ಕನ್ನಡಿ! ಹತ್ತನೇ ನಿಮಿಷಕ್ಕೆ ಡಿಕ್ಕಿಯ ಮೇಲೆ ಗಂಜಿ ತಿಳಿ ಚೆಲ್ಲಿದ ಹಾಗೆ ಬೆಳ್ಳಗಾಯಿತು. ಒರೆಸಿದರೆ ಹೋಗುವ ಬಿಳುಪಲ್ಲ ಅದು, ಒಳಗಿಂದಲೇ ಬೆಳ್ಳಗೆ. ಮತ್ತೆ ಉಜ್ಜಿದೆ. ಮತ್ತೆ ಮೂರು ಕ್ಯಾನ್, 1,170. ಕಂಪೌಂಡ್, 2000 ನಂಬರ್ ಪೇಪರ್ ಎಲ್ಲ ಸೇರಿ 640. ಅಲ್ಲಿಗೆ 3,810.

ಏಳು ತಿಂಗಳು ಚಂದ ಇತ್ತು. ಒಂದು ದಿನ ಪಂಪಿನ ಹುಡುಗ ಎರಡು ಚಮಚ ಪೆಟ್ರೋಲ್ ಚೆಲ್ಲಿದ. ಕ್ಲಿಯರ್ ಅಲ್ಲಿಂದ ಕೆಳಗಿನವರೆಗೆ ಮೇಣದ ಹಾಗೆ ಇಳಿಯಿತು. ಕಡೆಗೆ ಪೈಂಟರ್ ಹತ್ತಿರವೇ ಹೋದೆ. ಆ ಒಂದು ಬದಿಗೆ 4,500 ತೆಗೆದುಕೊಳ್ಳುವವ ನಾನು ಹಾಕಿದ್ದನ್ನು ಕೆರೆಯಲಿಕ್ಕೆ ಬೇರೆ 2,000 ಹಾಕಿದ. ಡಿಕ್ಕಿ ಮಾತ್ರ ನಾನು ಮಾಡಿದ್ದೇ ಇವತ್ತಿಗೂ ಉಂಟು. ಎರಡು ಅಡಿ ದೂರದಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ನೀವೇ ಮಾಡಿ. ಕಲಿತ ಹಾಗಾಗುತ್ತದೆ.

ಕದ್ರಿಯ ಬಿಳಿ ಸೆಡಾನ್

ಮೇಲಿನವರ ಕಥೆ ಓದಿ ಯಾರಾದರೂ ಕೈಯಾರೆ ಮಾಡಲು ಹೊರಟರೆ ಅವರ ಹಣೆಬರಹ.

ಕಂಪನಿ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ. ನಾನು ಇಡೀ ಗಾಡಿ ಮಾಡಿಸಿದೆ. ಬಿಲ್ ಎದುರಿಗೇ ಇದೆ. 71,200, ಅದರ ಮೇಲೆ ಶೇ. 18 ಜಿಎಸ್‌ಟಿ 12,816, ಒಟ್ಟು 84,016. ಹದಿನಾರು ರೂಪಾಯಿ ಬಿಡಿ ಅಂದೆ, ಬಿಡಲಿಲ್ಲ. ಏಳು ದಿನ ಅಂದವರು ಹತ್ತೊಂಬತ್ತು ದಿನ ಇಟ್ಟುಕೊಂಡರು. ಅಷ್ಟು ದಿನ ಕದ್ರಿಯಿಂದ ಬೈಕಂಪಾಡಿಗೆ ಬಸ್ಸಿನಲ್ಲಿ ಹೋಗಿ ಬಂದೆ. ಕೂಳೂರು ಸೇತುವೆಯ ಮೇಲೆ ನಿಂತು ನಿಂತು ಕಾಲು ಬತ್ತಿ ಹೋಯಿತು.

ಗಾಡಿ ಕೊಡುವಾಗ ಶೋರೂಮ್ ಲೈಟಿನಲ್ಲಿ ಏನೂ ಗೊತ್ತಾಗಲಿಲ್ಲ. ಮನೆಗೆ ಬಂದು ಬಿಸಿಲಿಗೆ ನಿಲ್ಲಿಸಿದರೆ ಮುಂದಿನ ಬಂಪರ್ ಕೆನೆ ಬಿಳಿ, ಮಡ್ಗಾರ್ಡ್ ಹಾಲು ಬಿಳಿ. ಕೇಳಿದರೆ 'ಬಂಪರ್ ಪ್ಲಾಸ್ಟಿಕ್ ಸಾರ್, ಹಾಗೇ ಕಾಣುವುದು' ಅಂದರು. ಜಗಳ ಮಾಡಿ ಮತ್ತೆ ಹೊಡೆಸಿದೆ, ಇನ್ನೂ ನಾಲ್ಕು ದಿನ. ಆದರೂ ಹೇಳುತ್ತೇನೆ, ಕಂಪನಿಯೇ ಸರಿ. ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇರುತ್ತದೆ, ಬಿಲ್ ಇರುತ್ತದೆ, ವಾರಂಟಿ ಇರುತ್ತದೆ. ರಸ್ತೆ ಬದಿಯವರು ಧೂಳಿನಲ್ಲಿ ನಿಂತು ಹೊಡೆಯುತ್ತಾರೆ. ಕೇಳಿದರೆ ಎಲ್ಲದಕ್ಕೂ 'ಪಾಲಿಶಿನಲ್ಲಿ ಹೋಗ್ತದೆ' ಅನ್ನುವ ಒಂದೇ ಮಂತ್ರ. ಎಲ್ಲ ಕಳ್ಳರು.

ಬೈಕಂಪಾಡಿ ಬ್ರಶ್

ಸ್ವಾಮಿ, ನಾನು ಆ ಕಳ್ಳರಲ್ಲಿ ಒಬ್ಬ. ಇಪ್ಪತ್ತೆರಡು ವರ್ಷ ಗನ್ ಹಿಡಿದಿದ್ದೇನೆ. ಆ ಕಂಪನಿ ಬೂತಿನಲ್ಲಿ ನಿಮ್ಮ ಗಾಡಿಗೆ ಬಣ್ಣ ಹೊಡೆದವನು ಎಲ್ಲಿ ಕಲಿತದ್ದು ಅಂತ ವಿಚಾರಿಸಿ. ನಮ್ಮಂಥ ಶೆಡ್ಡಿನಲ್ಲೇ. ಬೂತ್ ಬಣ್ಣ ಹೊಡೆಯುವುದಿಲ್ಲ, ಕೈ ಹೊಡೆಯುವುದು. 84,000 ಕೊಟ್ಟೂ ಎರಡು ತರಹದ ಬಿಳಿ ತೆಗೆದುಕೊಂಡು ಬಂದವರು ನಮ್ಮನ್ನು ಕಳ್ಳರು ಅನ್ನಬೇಡಿ.

ಮಲ್ಪೆಯ ಅಣ್ಣನಿಗೆ: ನೀವು ಹೊಡೆದದ್ದು 1ಕೆ ಕ್ಯಾನ್, ಅದರಲ್ಲಿ ಪದರವನ್ನು ಗಟ್ಟಿ ಮಾಡುವ ಹಾರ್ಡನರ್ ಇಲ್ಲ. ಬರೀ ಥಿನ್ನರ್ ಆರಿ ಪದರ ಕೂತದ್ದು. ಪೆಟ್ರೋಲ್ ಬಿದ್ದರೆ ಪುನಃ ಕರಗುತ್ತದೆ. ಹಾರ್ಡನರ್ ಸೇರಿಸುವ 2ಕೆ ಆದರೆ ಕರಗುವುದಿಲ್ಲ. ಇನ್ನು ಆ ಬಿಳುಪು. ಥಿನ್ನರ್ ಬೇಗ ಆರುವಾಗ ತಗಡು ತಣ್ಣಗಾಗುತ್ತದೆ. ಆಗಸ್ಟಿನಲ್ಲಿ ನಮ್ಮ ಗಾಳಿಯೇ ಒದ್ದೆ. ಐಸ್ ಹಾಕಿದ ಗ್ಲಾಸಿನ ಹೊರಗೆ ನೀರು ಕೂರುವುದಿಲ್ಲವಾ, ಹಾಗೆ ಹಸಿ ಪದರದ ಮೇಲೆ ನೀರು ಕೂರುತ್ತದೆ. ನಾವು ಆಟಿ ತಿಂಗಳಲ್ಲಿ ಸ್ಲೋ ಥಿನ್ನರ್ ಹಾಕಿ, ಹೀಟರ್ ಇಟ್ಟು, ದೇವರನ್ನು ನೆನೆದು ಹೊಡೆಯುವುದು. ನೀವು ಮನೆ ಅಂಗಳದಲ್ಲಿ ಹೊಡೆದಿದ್ದೀರಿ.

ಮಲ್ಪೆ ಗಾಳಿ

ಅಂಗಳ ಅಲ್ಲ, ಜಗಲಿ.

ಮಣಿಪಾಲದ ಡ್ರೈವರಕ್ಕ

ಗ್ಯಾರೇಜಿನ ವಿಷಯ ಬಂದದ್ದಕ್ಕೆ ನಾನೂ ಹೇಳಿಬಿಡುತ್ತೇನೆ. ರೂಫ್ ಮತ್ತು ಬಾನೆಟ್, 13,500ಕ್ಕೆ ಮಾತಾಯಿತು. ಗಾಡಿ ನನ್ನದು, ಹಣ ನನ್ನದು. ಅವನು ಮಾತಾಡಿದ್ದೆಲ್ಲ ನಮ್ಮೆಜಮಾನರ ಮುಖ ನೋಡಿ. ಅವರಿಗೆ ಬಾನೆಟ್ ತೆಗೆಯುವ ಲಿವರ್ ಎಲ್ಲಿದೆ ಅಂತಲೂ ಗೊತ್ತಿಲ್ಲ!

ಸೋಮವಾರ ಬಿಟ್ಟೆ. ಗುರುವಾರ ಕೊಡುತ್ತೇನೆ ಅಂದ. ಗುರುವಾರ ಫೋನ್ ಮಾಡಿದರೆ 'ಉಜ್ಜಿ ಆಗಿದೆ ಅಕ್ಕಾ, ನಾಳೆ'. ಶುಕ್ರವಾರ ಕರೆಂಟ್ ಇಲ್ಲ. ಶನಿವಾರ ಹುಡುಗನಿಗೆ ಜ್ವರ. ಭಾನುವಾರ ರಜೆ. ಸೋಮವಾರ ಹುಡುಗ ಬಂದ, ಪೈಂಟರ್ ಕೋಲಕ್ಕೆ ಹೋದ. ಬುಧವಾರ ನಾನೇ ಹೋಗಿ ನೋಡುತ್ತೇನೆ, ಗಾಡಿ ಪೇಪರ್ ಸುತ್ತಿಕೊಂಡು ಮೂಲೆಯಲ್ಲಿ ನಿಂತಿದೆ. ರೂಫಿನ ಮೇಲೆ ಒಂದು ಬೆಕ್ಕು ಮಲಗಿದೆ. ಆ ದಿನ ನಾನು ಅಲ್ಲೇ ಸ್ಟೂಲ್ ಹಾಕಿ ಕೂತೆ. ಕೂತದ್ದಕ್ಕೆ ಸಂಜೆ ಏಳಕ್ಕೆ ಟ್ಯೂಬ್‌ಲೈಟ್ ಹಾಕಿ ಹೊಡೆದ.

ಟ್ಯೂಬ್‌ಲೈಟ್ ಹಾಕಿದರೆ ಏನು ಬರುತ್ತದೆ? ದೀಪದ ಹುಳ. ಮರುದಿನ ನೋಡಿದರೆ ಬಾನೆಟ್ಟಿನ ಎಡಗಡೆ, ವೈಪರಿನಿಂದ ಒಂದು ಗೇಣು ಕೆಳಗೆ, ಹುಳ ರೆಕ್ಕೆ ಬಿಚ್ಚಿ ಮಲಗಿದೆ. ಎರಡು ರೆಕ್ಕೆ, ಆರು ಕಾಲು, ಮೀಸೆ ಕೂಡ ಲೆಕ್ಕ ಮಾಡಬಹುದು. ತೆಗೆದು ಕೊಡು ಅಂದೆ. 'ಪಾಲಿಶಿನಲ್ಲಿ ಹೋಗ್ತದೆ ಅಕ್ಕಾ' ಅಂದ. (ಕದ್ರಿಯವರು ಹೇಳಿದ ಮಂತ್ರ ನಿಜ.) ಪಾಲಿಶ್ ಮಾಡಿದ, ಹುಳ ಇನ್ನೂ ಹೊಳೆಯಿತು. ಎರಡು ವರ್ಷ ಆಯಿತು. ಮಗಳು ಮನೆಗೆ ಬಂದವರಿಗೆಲ್ಲ ತೋರಿಸುತ್ತಾಳೆ. ಆದರೆ ಒಂದು ಮಾತು. ಕ್ಲಿಯರ್ ಇವತ್ತಿನವರೆಗೆ ಒಂದು ಚೂರು ಎದ್ದಿಲ್ಲ.

ಸುರತ್ಕಲ್ ಸಿಲ್ವರ್

ನನ್ನದೂ ಬೆಳ್ಳಿ ಬಣ್ಣವೇ. ನಾನು ಹಾಳು ಮಾಡಿಕೊಂಡದ್ದು ಪ್ರೀತಿಯಿಂದ. ಪ್ರತಿ ಭಾನುವಾರ ತೊಳೆದು ರಬ್ಬಿಂಗ್ ಪಾಲಿಶ್ ಹಾಕುತ್ತಿದ್ದೆ. ಹೊಳಪು ಬಂದ ಹಾಗೆ ಖುಷಿ. ಆ ಹೊಳಪು ಎಲ್ಲಿಂದ ಬರುತ್ತದೆ ಅಂತ ಯೋಚನೆಯೇ ಮಾಡಲಿಲ್ಲ. ಕಂಪನಿಯಿಂದ ಬರುವ ಕ್ಲಿಯರ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ತಲೆಕೂದಲಿಗಿಂತ ತೆಳು. ನಾನು ಆರು ವರ್ಷ ವಾರವಾರ ಅದನ್ನೇ ಬಟ್ಟೆಗೆ ತೆಗೆದದ್ದು. ಕಡೆಗೆ ಒಬ್ಬ ಡೀಟೇಲಿಂಗಿನವ (ಗಾಡಿ ಪಾಲಿಶ್, ಕೋಟಿಂಗ್ ಮಾಡುವವ) ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟು ತೋರಿಸಿದ. ಬಾಗಿಲಿನಲ್ಲಿ ಎಲ್ಲ ಪದರ ಸೇರಿ 118 ಮೈಕ್ರಾನ್, ಬಾನೆಟ್ಟಿನಲ್ಲಿ 79.

ಅಲ್ಲಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಅದೇ ಮನುಷ್ಯ 'ಸೆರಾಮಿಕ್ ಹಾಕಿದರೆ ಲಾಕ್ ಆಗುತ್ತದೆ' ಅಂದ. ಬಣ್ಣದ ಮೇಲೆ ಹಚ್ಚುವ ರಕ್ಷಣೆಯ ಕೋಟಿಂಗ್ ಅದು. 22,000 ಕೊಟ್ಟೆ. ಸತ್ತ ಪದರದ ಮೇಲೆ ಸೆರಾಮಿಕ್ ಹಾಕಿದರೆ ಅದೇನು ಹಿಡಿದುಕೊಳ್ಳುತ್ತದೆ? ಎಂಟು ತಿಂಗಳಿಗೆ ಕ್ಲಿಯರ್ ಏಳುವಾಗ ಸೆರಾಮಿಕ್ ಸಮೇತ ಎದ್ದಿತು. ಆ ಸಿಪ್ಪೆಯ ಮೇಲೂ ನೀರು ಮುತ್ತಿನ ಹಾಗೆ ಉರುಳುತ್ತಿತ್ತು, ಅದೊಂದು ಗ್ಯಾರಂಟಿ.

ಏಳಲು ಶುರುವಾದ ಮೇಲೆ ಪಾಲಿಶ್, ವ್ಯಾಕ್ಸ್, ಸೆರಾಮಿಕ್ ಯಾವುದಕ್ಕೂ ಒಂದು ರೂಪಾಯಿ ಕೊಡಬೇಡಿ. ಇದು ಉಪ್ಪು ಗಾಳಿಯಿಂದ ಅಂತ ಎಲ್ಲರೂ ಹೇಳುತ್ತಾರೆ. ಉಪ್ಪಲ್ಲ, ಬಿಸಿಲು.

ಮಲ್ಪೆ ಗಾಳಿ

ಉಪ್ಪಲ್ಲವಾ? ಮಲ್ಪೆಗೆ ಬನ್ನಿ ಒಮ್ಮೆ. ನಮ್ಮ ಮನೆಯ ಗೇಟು, ಕಿಟಕಿ ಸರಳು, ಮಗನ ಸೈಕಲ್, ಎಲ್ಲ ತಿಂದಿದೆ. ಕಾರನ್ನು ಮಾತ್ರ ಬಿಡುತ್ತದಾ?

ಸುರತ್ಕಲ್ ಸಿಲ್ವರ್

ಅದು ತುಕ್ಕು ಮಾರಾಯ್ರೆ. ಕಬ್ಬಿಣಕ್ಕೆ ಉಪ್ಪು, ಕ್ಲಿಯರಿಗೆ ಬಿಸಿಲು. ಉಪ್ಪೇ ಕಾರಣ ಆಗಿದ್ದರೆ ಬಾಗಿಲಿನ ಕೆಳಗೆ, ಕೆಸರು ಹಾರುವಲ್ಲಿ ಮೊದಲು ಏಳಬೇಕಿತ್ತು. ಎಲ್ಲರದ್ದೂ ಎದ್ದದ್ದು ಎಲ್ಲಿ? ರೂಫ್, ಬಾನೆಟ್, ಡಿಕ್ಕಿ. ಬಿಸಿಲು ನೆತ್ತಿಯ ಮೇಲೆ ಬೀಳುವ ಜಾಗ. ನಾನೂ ಸುರತ್ಕಲಿನವನೇ, ಸಮುದ್ರ ನನಗೂ ಕಾಣುತ್ತದೆ.

ಮೂಡುಬಿದಿರೆಯ ಬಾವಲಿ

ಬಿಸಿಲೂ ಅಲ್ಲ, ಉಪ್ಪೂ ಅಲ್ಲ. ನಮ್ಮಲ್ಲಿ ಸಮುದ್ರ ಎಲ್ಲಿದೆ? ನನ್ನ ಗಾಡಿ ಯಾವಾಗಲೂ ನೆರಳಿನಲ್ಲಿ. ಬಾದಾಮಿ ಮರದ ಅಡಿ. ಆ ಮರಕ್ಕೆ ರಾತ್ರಿ ಬಾವಲಿ ಬರುತ್ತದೆ. ಬಾವಲಿ ಏನು ಮಾಡುತ್ತದೆ ಅಂತ ಹೇಳಬೇಕಾಗಿಲ್ಲ. ಬೆಳಿಗ್ಗೆ ಆಫೀಸಿನ ಅರ್ಜೆಂಟಿನಲ್ಲಿ ಹಾಗೇ ಹೋಗಿ, ಸಂಜೆ ತೊಳೆದರೆ ಅಷ್ಟು ಜಾಗ ಹುಣ್ಣಿನ ಹಾಗೆ ಉಬ್ಬಿರುತ್ತದೆ. ಅದೇ ಜಾಗದಿಂದ ಸಿಪ್ಪೆ ಶುರು. ಮತ್ತೆ ಕವರ್ ಹಾಕಿದೆ. ಕವರಿನ ಒಳಗೆ ಕೆಂಪು ಕಲ್ಲಿನ ಧೂಳು ಸೇರಿ, ಗಾಳಿಗೆ ಕವರ್ ಅಲ್ಲಾಡಿ ಅಲ್ಲಾಡಿ ಇಡೀ ಗಾಡಿಗೆ ಎಮರಿ ಉಜ್ಜಿದ ಹಾಗಾಯಿತು. ಕವರ್ 1,850. ನೆಟ್‌ನಲ್ಲಿ ನಾಲ್ಕೂವರೆ ಸ್ಟಾರ್.

ನಾನು ರಿಪೇರಿ ಮಾಡಿಸಲೇ ಇಲ್ಲ. ಆ ಹಣಕ್ಕೆ ಶೀಟಿನ ಶೆಡ್ ಕಟ್ಟಿಸಿದೆ, 38,000. ಸಿಪ್ಪೆ ಎದ್ದ ಗಾಡಿ ಈಗ ಶೆಡ್ಡಿನ ಒಳಗೆ ರಾಜನ ಹಾಗೆ ನಿಂತಿದೆ. ನಗುವವರು ನಗಲಿ.

ಕುಂದಾಪುರ ಕೆಎ 20

ಇನ್ಶೂರೆನ್ಸಿನಲ್ಲಿ ಮಾಡಿಸಬಹುದಾ ಅಂತ ಯಾರೂ ಕೇಳಲಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನನಗೆ ಇನ್ನೂ ಉರಿಯುತ್ತಿದೆ.

ಮೇ ತಿಂಗಳ ಗಾಳಿಮಳೆಗೆ ಹಲಸಿನ ಮರದ ಗೆಲ್ಲು ರೂಫಿನ ಮೇಲೆ ಬಿತ್ತು. ತಗಡು ತಗ್ಗಲಿಲ್ಲ, ಬಣ್ಣ ಕೆರೆಯಿತು. ಬಾನೆಟ್ಟಿನಲ್ಲಿ ಮೊದಲೇ ಕ್ಲಿಯರ್ ಎದ್ದಿತ್ತು. ಒಟ್ಟಿಗೆ ಆಗಲಿ ಅಂತ ಎರಡನ್ನೂ ತೋರಿಸಿದೆ. ಹಾನಿ ನೋಡುವ ಇನ್ಶೂರೆನ್ಸ್ ಸರ್ವೇಯರ್ ಬಂದ. ಬಾನೆಟ್ಟಿನ ಮೇಲೆ ಬೆರಳು ಆಡಿಸಿ 'ಇದು ಹಳೆಯದು, ಸವಕಳಿ, ಇದಕ್ಕೆ ಇಲ್ಲ' ಅಂದ. ರೂಫ್ ಮಾತ್ರ ಪಾಸ್.

ಈಗ ಲೆಕ್ಕ. ರೂಫಿನ ಬಣ್ಣದ ಬಿಲ್ 9,600. ನನ್ನದು ಜೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಪಾಲಿಸಿ) ಅಲ್ಲ. ಬಣ್ಣದ ಬಿಲ್ ಒಟ್ಟಾಗಿ ಇದ್ದರೆ ಅದರಲ್ಲಿ ಶೇ. 25 ಸಾಮಾನಿನ ಬೆಲೆ ಅಂತ ಹಿಡಿದು, ಅದರ ಅರ್ಧ ಕಳೆಯುತ್ತಾರೆ. ಅಂದರೆ 1,200 ಹೋಯಿತು. ಮತ್ತೆ ಪ್ರತಿ ಕ್ಲೇಮಿನಲ್ಲಿ ನಾವೇ ಹೊರಬೇಕಾದ ಕಡ್ಡಾಯ ಕಡಿತ 1,000. ಕೈಗೆ ಬಂದದ್ದು 7,400. ಖುಷಿಯಾಯಿತು. ಮುಂದಿನ ವರ್ಷ ರಿನ್ಯೂ ಮಾಡುವಾಗ ಗೊತ್ತಾಯಿತು. ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನನ್ನ ಶೇ. 50 ನೋ ಕ್ಲೇಮ್ ಬೋನಸ್, ಸೊನ್ನೆ. ಗಾಡಿ ಹಾನಿಯ ಪ್ರೀಮಿಯಂ 6,800, ಅದರ ಅರ್ಧ ಕಟ್ಟುತ್ತಿದ್ದವನು ಪೂರ್ತಿ ಕಟ್ಟಿದೆ. ಬೋನಸ್ 20, 25, 35, 45 ಅಂತ ಮೆಟ್ಟಿಲು ಹತ್ತಿ ಪುನಃ 50 ಆಗಬೇಕು. ಪ್ರೀಮಿಯಂ ಹೀಗೇ ಇದ್ದರೆ ಅಷ್ಟರಲ್ಲಿ ನನ್ನ ಕೈಯಿಂದ ಹೋಗುವುದು 3,400, 2,040, 1,700, 1,020, 340. ಕೂಡಿಸಿ ನೋಡಿ, 8,500. ಎಂತ ಸಾವು ಮಾರಾಯ್ರೆ! 7,400 ತೆಗೆದುಕೊಂಡು 8,500 ಕೊಟ್ಟೆ.

ಕದ್ರಿಯ ಬಿಳಿ ಸೆಡಾನ್

ಗೆಲ್ಲು ಬಿದ್ದದ್ದಾ, ಬೀಳಿಸಿದ್ದಾ? ಇಂಥವರಿಂದಲೇ ನಮ್ಮ ಪ್ರೀಮಿಯಂ ಏರುವುದು.

ಕುಂದಾಪುರ ಕೆಎ 20

ರೀ, ಮನೆಗೆ ಬನ್ನಿ, ಮರ ತೋರಿಸುತ್ತೇನೆ. ಕಡಿದ ಜಾಗದಲ್ಲಿ ಹೊಸ ಚಿಗುರು ಬಂದಿದೆ. ಗೆಲ್ಲು ನಾನು ಬೀಳಿಸಿದ್ದಾದರೆ ನಷ್ಟ ಆಗುವ ಹಾಗೆ ಬೀಳಿಸುತ್ತಿದ್ದೆನಾ? ಹದಿನಾರು ರೂಪಾಯಿಗೆ ಚೌಕಾಶಿ ಮಾಡಿದವರಿಗೆ ಊರವರೆಲ್ಲ ತಮ್ಮ ಹಾಗೇ ಕಾಣುತ್ತಾರೆ.

ಕದ್ರಿಯ ಬಿಳಿ ಸೆಡಾನ್

ಬಾನೆಟ್ಟಿನದ್ದು ಹಳೆಯದು ಅಂತ ಗೊತ್ತಿದ್ದೂ ಒಟ್ಟಿಗೆ ತೋರಿಸಿದ್ದು ಯಾರು? ನೀವೇ ಬರೆದಿದ್ದೀರಿ.

ಮಣಿಪಾಲದ ಡ್ರೈವರಕ್ಕ

ಇಬ್ಬರೂ ಸ್ವಲ್ಪ ಸುಮ್ನಿರಿ. ಆ ಹುಡುಗ ಪಿಲ್ಲರ್ ವಿಷಯ ಕೇಳಿದ್ದ.

ದೇರಳಕಟ್ಟೆ ವ್ರ್ಯಾಪ್

ಬಣ್ಣದ ತಲೆನೋವೇ ಬೇಡ. ರೂಫಿಗೆ ಕಪ್ಪು ಗ್ಲಾಸಿ ವ್ರ್ಯಾಪ್ (ಅಂಟಿಸುವ ಹಾಳೆ) ಹಾಕಿಸಿ. ನಾನು 5,500ಕ್ಕೆ ಹಾಕಿಸಿದೆ, ಮೂರು ಗಂಟೆಯಲ್ಲಿ ಕೆಲಸ ಮುಗಿಯಿತು. ಬೆಳ್ಳಿ ಗಾಡಿಗೆ ಕಪ್ಪು ರೂಫ್ ಭಾರಿ ಲಾಯ್ಕ ಕಾಣುತ್ತದೆ. ಸಿಪ್ಪೆ ಎಲ್ಲ ಅಡಿಯಲ್ಲಿ ಮುಚ್ಚಿ ಹೋಗುತ್ತದೆ.

ಬೈಕಂಪಾಡಿ ಬ್ರಶ್

ತಮ್ಮಾ, ಅದನ್ನು ಒಮ್ಮೆ ತೆಗೆಯುವ ದಿನ ಬರುತ್ತದೆ. ಆ ದಿನ ನನಗೆ ಫೋನ್ ಮಾಡು. ಕ್ಲಿಯರ್ ಮಾತ್ರ ಅಲ್ಲ, ಅಡಿಯ ಬೆಳ್ಳಿಯೂ ಅಂಟಿಗೆ ಹಿಡಿದುಕೊಂಡು ಬರುತ್ತದೆ. ಈಗಲೇ ಬಿಸಿಲಿನಲ್ಲಿ ಓರೆಯಾಗಿ ನೋಡು. ಸಿಪ್ಪೆಯ ಅಂಚು ಭೂಪಟದ ಹಾಗೆ ಮೇಲೆ ಕಾಣುತ್ತಿರಬೇಕು.

ದೇರಳಕಟ್ಟೆ ವ್ರ್ಯಾಪ್

ಸ್ವಲ್ಪ ಕಾಣುತ್ತದೆ. ನೋಡುವವರಿಗೆ ಮಾತ್ರ.

ಕದ್ರಿಯ ಬಿಳಿ ಸೆಡಾನ್

ಆರ್‌ಸಿಯಲ್ಲಿ ಬಣ್ಣ ಬದಲಾವಣೆ ಹಾಕಿಸಿದ್ದೀರಾ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. ಆರ್‌ಸಿಯಲ್ಲಿ ಒಂದು ಬಣ್ಣ, ರಸ್ತೆಯಲ್ಲಿ ಇನ್ನೊಂದು ಬಣ್ಣ ಆದರೆ ಪೊಲೀಸಿನವರು ಕೇಳುತ್ತಾರೆ.

ದೇರಳಕಟ್ಟೆ ವ್ರ್ಯಾಪ್

ನಿಮ್ಮ ಆರ್‌ಸಿಯಲ್ಲಿ ಯಾವ ಬಿಳಿ ಬರೆದಿದೆ ಸಾರ್, ಕೆನೆಯಾ ಹಾಲಾ?

ಮಲ್ಪೆ ಗಾಳಿ

ಹಹ್ಹಾ. ಇದು ಸರಿಯಾಯಿತು.

ಕದ್ರಿಯ ಬಿಳಿ ಸೆಡಾನ್

ಬಂಪರ್ ಮತ್ತೆ ಹೊಡೆಸಿದೆ ಅಂತ ಮೇಲೇ ಬರೆದಿದ್ದೇನೆ. ಓದಲು ಬಾರದವರಿಗೆ ಏನು ಹೇಳುವುದು. ನಾನು ಇನ್ನು ಇಲ್ಲಿ ಬರೆಯುವುದಿಲ್ಲ.

ಬೈಕಂಪಾಡಿ ಬ್ರಶ್

ಉದ್ಯಾವರದ ಹುಡುಗನಿಗೆ. ಎಲ್ಲರೂ ಜಗಳ ಮಾಡಲಿ, ನೀನು ಹೊರಗೆ ಹೋಗಿ ಗಾಡಿಯ ರೂಫ್ ನೋಡು. ಎರಡು ಬದಿಯಲ್ಲೂ ಮುಂದಿನಿಂದ ಹಿಂದಿನವರೆಗೆ ಕಪ್ಪು ರಬ್ಬರ್ ಪಟ್ಟಿ ಉಂಟಾ? ಆ ಪಟ್ಟಿ ಡಿಕ್ಕಿ ಬಾಗಿಲಿನ ಹಿಂಜಿನವರೆಗೆ ಹೋಗಿದ್ದರೆ ನಿನ್ನ ಅದೃಷ್ಟ. ಪಟ್ಟಿ ತೆಗೆದು, ಆ ಕಾಲುವೆಯ ಒಳಗೆ ಕ್ಲಿಯರ್ ನಿಲ್ಲಿಸಿದರೆ ಆಯಿತು. ಗೆರೆ ಪಟ್ಟಿಯ ಅಡಿಗೆ ಹೋಗುತ್ತದೆ, ಪಿಲ್ಲರ್ ಮುಟ್ಟಲೇ ಬೇಡ.

ಪಟ್ಟಿ ಇಲ್ಲದೆ ರೂಫ್ ಹಾಗೇ ಇಳಿದು ಪಿಲ್ಲರ್ ಆಗಿದ್ದರೆ ಬೇರೆ ಕಥೆ. ಕೆಲವರು ಪಿಲ್ಲರಿನ ಮಧ್ಯದಲ್ಲಿ ಬ್ಲೆಂಡಿಂಗ್ ಥಿನ್ನರ್ ಹೊಡೆದು ಮಾಯಿಸುತ್ತಾರೆ. ಕೊಡುವ ದಿನ ಯಾರಿಗೂ ಕಾಣುವುದಿಲ್ಲ. ಅಲ್ಲಿ ಪದರ ತೆಳು. ನಮ್ಮ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಅದೇ ಜಾಗದಲ್ಲಿ ಬಿಳಿ ಗೆರೆ ಬಂದು ಅಲ್ಲಿಂದಲೇ ಏಳುತ್ತದೆ. ಹಾಗಾಗಿ ಬೆಳ್ಳಿ ಬಣ್ಣ ಬೇಕಾದಷ್ಟೇ ಜಾಗಕ್ಕೆ ಹೊಡೆದು ಮಾಯಿಸಬಹುದು, ಆದರೆ ಕ್ಲಿಯರನ್ನು ಹಿಂದಿನ ಬದಿಯ ಪ್ಯಾನೆಲ್ ಪೂರ್ತಿ, ಬಂಪರಿನ ಅಂಚಿನವರೆಗೆ ಇಳಿಸಬೇಕು. ಎರಡೂ ಬದಿ. ಖರ್ಚು ಅಲ್ಲಿ ಏರುವುದು.

ಪೈಂಟರ್ ಹತ್ತಿರ ನಾಲ್ಕು ಮಾತು ಕೇಳು. ಎದ್ದ ಸಿಪ್ಪೆ ತೆಗೆದ ಮೇಲೆ ಅಂಚನ್ನು ಎಷ್ಟು ದೂರ ಉಜ್ಜುತ್ತಿ ಅಂತ ಕೇಳು. ಉಗುರು ಎಳೆದರೆ ಮೆಟ್ಟಿಲು ಸಿಗಬಾರದು. ಹಳೆಯ ಸಡಿಲ ಅಂಚಿನ ಮೇಲೆ ಹೊಸದು ಬಿದ್ದರೆ ಅದರ ಥಿನ್ನರಿಗೆ ಅಡಿಯದ್ದು ಸುಕ್ಕಾಗಿ ಏಳುತ್ತದೆ. ಮುಂದಿನ ಗ್ಲಾಸಿನ ರಬ್ಬರ್ ಎತ್ತಿ ಹೊಡೆಯುತ್ತಿಯಾ, ಟೇಪ್ ಹಾಕಿ ಹೊಡೆಯುತ್ತಿಯಾ ಅಂತ ಕೇಳು. ಟೇಪಿನ ಅಂಚಿನಿಂದಲೇ ಮುಂದಿನ ಸಿಪ್ಪೆ ಶುರು. ಹಾರ್ಡನರ್ ಡಬ್ಬಿ ಹೊಸತಾಗಿ ಒಡೆಯಲು ಹೇಳು, ಎದುರಿಗೇ. ತೆರೆದಿಟ್ಟ ಹಾರ್ಡನರ್ ನಮ್ಮ ಊರ ತೇವ ಕುಡಿದು ಹಾಳಾಗುತ್ತದೆ. ಬಣ್ಣ ಆದ ಮೇಲೆ ಒಂದು ತಿಂಗಳು ವ್ಯಾಕ್ಸ್ ಮುಟ್ಟಿಸಬೇಡ, ಒಳಗಿನ ಥಿನ್ನರ್ ಹೊರಗೆ ಬರಬೇಕು.

ಮತ್ತೆ ಮಲ್ಪೆಯ ಅಣ್ಣನ ಮಾತು ಕೇಳಿ 2ಕೆಯನ್ನು ಜಗಲಿಯಲ್ಲಿ ಹೊಡೆಯಲು ಹೋಗಬೇಡ. ಆ ಹಾರ್ಡನರಿನಲ್ಲಿ ಐಸೊಸೈನೇಟ್ ಅಂತ ಉಸಿರಿಗೆ ಕೆಟ್ಟ ಕೆಮಿಕಲ್ ಇರುತ್ತದೆ. ಮುಖಕ್ಕೆ ಕರವಸ್ತ್ರ ಕಟ್ಟಿದರೆ ಸಾಲುವುದಿಲ್ಲ. ನನ್ನ ಜೊತೆ ಕೆಲಸ ಮಾಡಿದವನಿಗೆ ಹತ್ತು ವರ್ಷ ಹಾಗೇ ಹೊಡೆದು ಹೊಡೆದು ದಮ್ಮು ಹಿಡಿಯಿತು. ಈಗ ಪೈಂಟಿನ ವಾಸನೆ ಬಂದರೆ ರಸ್ತೆ ದಾಟಿ ಆಚೆ ಹೋಗುತ್ತಾನೆ. ನಾನೂ ಮಾಸ್ಕ್ ಹಾಕಲು ಶುರು ಮಾಡಿದ್ದು ಅವನನ್ನು ನೋಡಿದ ಮೇಲೆ.

ಮೂಡುಬಿದಿರೆಯ ಬಾವಲಿ

ಇಷ್ಟೆಲ್ಲ ಖರ್ಚಿಗೆ ಶೆಡ್ಡೇ ವಾಸಿ.

ಸುರತ್ಕಲ್ ಸಿಲ್ವರ್

ಶೆಡ್ ಕಟ್ಟಿದರೆ ಎದ್ದ ಕ್ಲಿಯರ್ ಪುನಃ ಕೂರುತ್ತದಾ?

ಮೂಡುಬಿದಿರೆಯ ಬಾವಲಿ

ನಿಮ್ಮ ಸೆರಾಮಿಕ್ ಕೂತ ಹಾಗೆ ಕೂರುತ್ತದೆ.

ಮಲ್ಪೆ ಗಾಳಿ

ನಾನು 2ಕೆ ಹೊಡೆಯಲು ಹೇಳಲೇ ಇಲ್ಲ. ನಾನು ಹೊಡೆದದ್ದು 1ಕೆ. ಸುಮ್ನೆ ನನ್ನ ಹೆಸರು ತರಬೇಡಿ.

ಉದ್ಯಾವರದ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಬರಲು ಆಗಲಿಲ್ಲ, ಮದುವೆ ಕಾಗದ ಹಂಚುವ ಓಡಾಟ. ಬೈಕಂಪಾಡಿಯ ಅಣ್ಣ ಹೇಳಿದ ಮೇಲೆ ಟಾರ್ಚ್ ಹಿಡಿದು ಹೊರಗೆ ಹೋಗಿ ನೋಡಿದೆ. ಕಪ್ಪು ಪಟ್ಟಿ ಉಂಟು, ಆದರೆ ಹಿಂಜಿನವರೆಗೆ ಹೋಗುವುದಿಲ್ಲ. ಒಂದು ಗೇಣು ಮೊದಲೇ ನಿಲ್ಲುತ್ತದೆ. ಆ ಒಂದು ಗೇಣಿನಲ್ಲಿ ರೂಫ್ ಹಾಗೇ ಪಿಲ್ಲರಿಗೆ ಇಳಿದಿದೆ. ಮೂರು ವರ್ಷದಿಂದ ತೊಳೆಯುತ್ತಿದ್ದೇನೆ, ಗಮನಿಸಿರಲೇ ಇಲ್ಲ.

ಕಟಪಾಡಿ ಹತ್ತಿರ ಒಬ್ಬರಿಗೆ ಕೊಟ್ಟಿದ್ದೇನೆ. ರೂಫ್, ಬಾನೆಟ್, ಹಿಂದಿನ ಎರಡೂ ಬದಿಗೆ ಕ್ಲಿಯರ್, ಎಲ್ಲ ಸೇರಿ 18,500. ಬಜೆಟ್ ದಾಟಿತು. ಹಾರ್ಡನರ್ ಎದುರಿಗೇ ಒಡೆಯಬೇಕು ಅಂದೆ. ಅವರು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ 'ಯಾರು ಹೇಳಿಕೊಟ್ಟದ್ದು?' ಅಂತ ಕೇಳಿದರು. ಉಜ್ಜುವುದು ಮುಗಿದಿದೆ. ನಿನ್ನೆ ಹೊಡೆಯಬೇಕಿತ್ತು. ಮಧ್ಯಾಹ್ನ ಗುಡುಗು ಶುರುವಾಗಿ ಸಂಜೆ ಜೋರು ಮಳೆ. 'ಎರಡು ದಿನ ಬಿಸಿಲು ಬರಲಿ' ಅಂತ ಅವರೇ ನಿಲ್ಲಿಸಿದರು. ಗಾಡಿ ಈಗ ಕಪ್ಪು, ಬೂದು, ಬೆಳ್ಳಿ ಎಲ್ಲ ಕಾಣುತ್ತಾ ನಿಂತಿದೆ. ನೋಡಿದರೆ ಹೊಟ್ಟೆಯಲ್ಲಿ ಒಂಥರ ಆಗುತ್ತದೆ.

ಮಣಿಪಾಲದ ಡ್ರೈವರಕ್ಕ

ಅವರೇ ನಿಲ್ಲಿಸಿದರು ಅಂದರೆ ಒಳ್ಳೆ ಕೆಲಸದವರು. ಸಂಜೆ ಟ್ಯೂಬ್‌ಲೈಟ್ ಹಾಕಲು ಬಿಡಬೇಡ.

ಮಲ್ಪೆ ಗಾಳಿ

18,500? ಮೋಸ ಹೋದಿರಿ.

ಕದ್ರಿಯ ಬಿಳಿ ಸೆಡಾನ್

18,500ಕ್ಕೆ ನಾಲ್ಕು ಪ್ಯಾನೆಲ್ ಮಾಡುತ್ತಾನೆ ಅಂದರೆ ಕ್ಲಿಯರ್ ಡೂಪ್ಲಿಕೇಟ್. ಬಿಲ್ ಕೊಡುತ್ತಾನಾ ಕೇಳಿ.

ಬೈಕಂಪಾಡಿ ಬ್ರಶ್

ಬರೆಯುವುದಿಲ್ಲ ಅಂದಿದ್ದಿರಿ ಅಲ್ವಾ?